ಇನ್‌ಹೇಲರ್ ಔಷಧ ಗಂಟಲಲ್ಲೇ ನಿಲ್ಲದೆ ಎದೆಗೆ ಇಳಿಯಬೇಕಾದರೆ

ಆಲೆಮನೆಯ ಹೊಗೆ, ಕಟಾವಾದ ಗದ್ದೆಗಳಲ್ಲಿ ಸುಡುವ ಕಬ್ಬಿನ ತರಗು, ಭತ್ತದ ಒಕ್ಕಣೆಯ ದೂಳು, ಮಾರ್ಗಶಿರ–ಪುಷ್ಯದ ಇಬ್ಬನಿ ಎಲ್ಲವೂ ಒಟ್ಟಿಗೆ ಸೇರುವ ತಿಂಗಳುಗಳಲ್ಲಿ ಮಂಡ್ಯ–ಮೈಸೂರು ಕಡೆಯ ಔಷಧದ ಅಂಗಡಿಗಳಿಗೆ ಇನ್‌ಹೇಲರ್ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಜೊತೆಗೆ ಒಂದು ದೂರೂ ಬರುತ್ತದೆ: “ಈ ಪಂಪು ಏನೂ ಕೆಲಸ ಮಾಡ್ತಿಲ್ಲ, ಇದಕ್ಕಿಂತ ಸ್ಟ್ರಾಂಗ್ ಇರೋದು ಕೊಡಿ.” ಮೈಸೂರಿನಲ್ಲಿ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತು ಕೆಲಸ ಮಾಡುವ ನಾನು, ಅಂಥವರ ಕೈಗೆ ಔಷಧವಿಲ್ಲದ ಮಾದರಿ ಪಂಪೊಂದನ್ನು ಕೊಟ್ಟು, “ಯಜಮಾನರೇ, ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀರೋ ಹಾಗೆಯೇ ಒಂದು ಸಲ ತೋರಿಸಿ” ಎಂದು ಕೇಳುತ್ತೇನೆ. ಹೆಚ್ಚಿನವರ ಬಾಯಿಯ ಅಂಚಿನಿಂದಲೋ ಮೂಗಿನ ಹೊಳ್ಳೆಯಿಂದಲೋ ಬಿಳಿಯ ಹಬೆ ಹೊರಬರುತ್ತದೆ. ಮನೆಯಲ್ಲಿಯೂ ಹೀಗೆಯೇ ನಡೆಯುತ್ತಿದ್ದರೆ, ಕಣ್ಣಿಗೆ ಕಂಡ ಆ ಹಬೆಯಷ್ಟೂ ಎದೆಗೆ ಇಳಿಯದೆ ಹೋದ ಔಷಧವೆಂದೇ ಲೆಕ್ಕ.

ಪಂಪು ಅಭ್ಯಾಸವಾಗಿಬಿಡುತ್ತದೆ, ಹೃದಯಕ್ಕೆ ಕೆಡುಕು, ಮಾತ್ರೆಯೇ ವಾಸಿ ಎಂದು ನಂಬಿದವರು ಇನ್ನೂ ಬಹಳ ಮಂದಿ ಇದ್ದಾರೆ. ಲೆಕ್ಕ ಹಾಕಿದರೆ ಸಂಗತಿ ತಿರುಗುಮುರುಗಾಗಿ ಕಾಣುತ್ತದೆ. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂನದು. ಅದೇ ಔಷಧ, ಪಂಪನ್ನು ಒಂದು ಸಲ ಒತ್ತಿದಾಗ ಬರುವ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ (ಮಿಲಿಗ್ರಾಂನ ಹತ್ತನೇ ಒಂದು ಭಾಗ) ಮಾತ್ರ. ಅಂದರೆ 4 ಮಿಲಿಗ್ರಾಂನ ಒಂದು ಮಾತ್ರೆ ನುಂಗಿದವರು 40 ಪಫ್‌ನಷ್ಟು ಔಷಧವನ್ನು ಹೊಟ್ಟೆಗೆ ಹಾಕಿಕೊಂಡಂತಾಯಿತು, ಮತ್ತು ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುವುದರಿಂದಲೇ ಕೈ ನಡುಕ, ಎದೆ ಬಡಿತ ಜಾಸ್ತಿಯಾಗುತ್ತವೆ. ಸರಿಯಾಗಿ ಎಳೆದುಕೊಂಡ ಪಫ್ ಶ್ವಾಸನಾಳಕ್ಕೆ ನೇರವಾಗಿ ಇಳಿದು ಸುಮಾರು 5 ನಿಮಿಷದಲ್ಲಿ ಕೆಲಸ ಶುರುಮಾಡಿ, 4ರಿಂದ 6 ಗಂಟೆ ಉಳಿಯುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಪಂಪ್ ಎಂದು ತಿಳಿದುಕೊಳ್ಳಬೇಕು. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಇವು ಬಿಗಿದ ಶ್ವಾಸನಾಳವನ್ನು ತಕ್ಷಣ ಸಡಿಲಿಸುವ ಔಷಧಗಳು. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್ ಇವು ಒಳಗಿನ ಉರಿಯೂತವನ್ನು ದಿನಗಟ್ಟಲೆ, ವಾರಗಟ್ಟಲೆ ಇಳಿಸುತ್ತ ಬರುವ ಸ್ಟಿರಾಯ್ಡ್‌ಗಳು. ತೆಗೆದುಕೊಂಡ ಕೂಡಲೇ ಏನೂ ಅನ್ನಿಸದ ಕಾರಣಕ್ಕೇ ಜನ ಇವನ್ನು ಬಿಟ್ಟುಬಿಡುತ್ತಾರೆ, ಹಾಯೆನಿಸುವ ಮೊದಲ ಬಗೆಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಹೊರಡಿಸುವ ಗೀನಾ, 2019ರಿಂದ ಈಚೆಗೆ, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಹೇಳುತ್ತಿದೆ. ವರ್ಷಕ್ಕೆ 200 ಪಫ್‌ನ ಮೂರು ಅಥವಾ ಹೆಚ್ಚು ಡಬ್ಬಿ ಸಾಲ್ಬುಟಮಾಲ್ ಖಾಲಿಯಾಗುತ್ತಿದ್ದರೆ ರೋಗ ಹಿಡಿತದಲ್ಲಿಲ್ಲವೆಂದೇ ಅರ್ಥ, ಆಗ ಹೋಗಬೇಕಾದ್ದು ನನ್ನ ಅಂಗಡಿಗಲ್ಲ, ವೈದ್ಯರ ಬಳಿಗೆ.

ಪಂಪ್ ಹಿಡಿಯುವ ಮೊದಲ ಹಂತಗಳಲ್ಲಿ ಕಷ್ಟವೇನೂ ಇಲ್ಲ. ಮುಚ್ಚಳ ತೆಗೆದು, ಬಾಯಿಗಿಡುವ ಕಡೆ ಜೇಬಿನ ನಾಣ್ಯವೋ ಅಡಕೆ ಚೂರೋ ಸೇರಿಲ್ಲವೆಂದು ನೋಡಿ, ಡಬ್ಬಿಯನ್ನು ಚೆನ್ನಾಗಿ ಕುಲುಕಿ, ನೆಟ್ಟಗೆ ಕುಳಿತುಕೊಳ್ಳಬೇಕು. ಹೊಸ ಪಂಪಾದರೆ ಅಥವಾ ಬಹಳ ದಿನ ಮುಟ್ಟದೆ ಇಟ್ಟಿದ್ದರೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಹೇಳಿದಷ್ಟು ಪಫ್‌ಗಳನ್ನು ಮೊದಲು ಗಾಳಿಗೆ ಬಿಡಬೇಕು.

ಮುಂದಿನದೇ ಎಲ್ಲರೂ ಎಡವುವ ಹಂತ. ಪಂಪಿನಿಂದ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿ ಉಸಿರನ್ನು ಆರಾಮವಾಗಿ ಪೂರ್ತಿ ಹೊರಬಿಡಿ, ಏಕೆಂದರೆ ಮೊದಲೇ ಗಾಳಿ ತುಂಬಿರುವ ಎದೆಗೆ ಔಷಧ ಹೊತ್ತ ಗಾಳಿ ಇಳಿಯಲು ಜಾಗವಿರುವುದಿಲ್ಲ. ಡಬ್ಬಿಯ ತಳ ಮೇಲಕ್ಕಿರುವಂತೆ, ತೋರುಬೆರಳು ಮೇಲೆ, ಹೆಬ್ಬೆರಳು ಕೆಳಗೆ ಬರುವಂತೆ ಹಿಡಿದು, ಗದ್ದವನ್ನು ತುಸು ಎತ್ತಿ, ಪಂಪಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಸಂದಿಲ್ಲದಂತೆ ಮುಚ್ಚಿ. ನಾಲಿಗೆ ಕೆಳಗಿರಲಿ, ನಾಲಿಗೆ ಎದ್ದು ನಿಂತರೆ ಔಷಧವೆಲ್ಲ ಅದರ ಮೇಲೇ ಕೂರುತ್ತದೆ. ಈಗ ಬಾಯಿಯಿಂದ ನಿಧಾನವಾಗಿ ಉಸಿರೆಳೆಯಲು ಆರಂಭಿಸಿ, ಗಾಳಿ ಒಳಗೆ ಹರಿಯತೊಡಗಿದ ಅದೇ ಕ್ಷಣದಲ್ಲಿ ಡಬ್ಬಿಯನ್ನು ಒಂದೇ ಒಂದು ಸಲ ಒತ್ತಿ, ಒತ್ತಿದ ಮೇಲೂ ನಿಲ್ಲಿಸದೆ 4ರಿಂದ 5 ಸೆಕೆಂಡು ಎಳೆಯುತ್ತಲೇ ಇರಬೇಕು. ಎದೆ ತುಂಬಿದ ಮೇಲೆ ಪಂಪ್ ತೆಗೆದು ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ, ಆಗದಿದ್ದರೆ ಆದಷ್ಟು ಹೊತ್ತು, ಉಸಿರನ್ನು ಹಿಡಿದಿಟ್ಟುಕೊಳ್ಳಿ. ಕೆಲವೇ ಮೈಕ್ರಾನ್ ಗಾತ್ರದ ಆ ಹನಿಗಳು ಶ್ವಾಸನಾಳದ ಗೋಡೆಗೆ ಕೂರಲು ಅಷ್ಟು ಸಮಯ ಬೇಕು.

ತಪ್ಪುಗಳು ಇಲ್ಲಿಯೇ ಬಗೆಬಗೆಯಾಗಿ ನಡೆಯುತ್ತವೆ. ಕೆಲವರು ಮೊದಲು ಒತ್ತಿ ಆಮೇಲೆ ಉಸಿರೆಳೆಯುತ್ತಾರೆ, ಅಷ್ಟರಲ್ಲಿ ರಭಸದಿಂದ ಚಿಮ್ಮಿದ ಔಷಧ ಗಂಟಲಿನ ಹಿಂಭಾಗಕ್ಕೆ ಬಡಿದು ಮುಗಿದಿರುತ್ತದೆ. ಇನ್ನು ಕೆಲವರು ಎದೆ ತುಂಬ ಎಳೆದಾದ ಮೇಲೆ ಒತ್ತುತ್ತಾರೆ, ಆಗ ಒಳಕ್ಕೆ ಒಯ್ಯುವ ಗಾಳಿಯೇ ಇರುವುದಿಲ್ಲ. ಹಲವರು ಬಾಯಲ್ಲಿ ಪಂಪ್ ಇಟ್ಟುಕೊಂಡು ಮೂಗಿನಲ್ಲಿ ಉಸಿರಾಡುತ್ತಾರೆ. ಎಳನೀರನ್ನು ಕೊಳವೆಯಲ್ಲಿ ಹೀರುವಂತೆ ಕೆನ್ನೆ ಒಳಸೆಳೆದು ಬಿರುಸಾಗಿ ಎಳೆಯುವವರದು ಇನ್ನೊಂದು ಗುಂಪು. ಬಿರುಸಿನಲ್ಲಿ ಹನಿಗಳು ತಿರುವು ತೆಗೆದುಕೊಳ್ಳದೆ ಗಂಟಲಿಗೆ ಬಡಿಯುತ್ತವೆ. ವೈದ್ಯರು ಎರಡು ಪಫ್ ಬರೆದಿದ್ದಾರೆಂದು ಒಂದೇ ಉಸಿರಿನಲ್ಲಿ ಎರಡು ಸಲ ಒತ್ತುವುದೂ ತಪ್ಪು. ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಕನ್ನಡಿಯ ಮುಂದೆ ನಿಂತು ತೆಗೆದುಕೊಂಡರೆ ಹಬೆ ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದು ತಾನಾಗಿ ಕಾಣುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಬರಿಯ ಪಂಪಿನಿಂದ ಶ್ವಾಸಕೋಶಕ್ಕೆ ತಲುಪುವುದು ಔಷಧದ ಸಣ್ಣ ಪಾಲು ಮಾತ್ರ. ಆದ್ದರಿಂದ ಮಕ್ಕಳಿಗೂ, ಅರವತ್ತು ದಾಟಿದವರಿಗೂ, ಕೀಲುನೋವಿನ ಕೈಯವರಿಗೂ ಸ್ಪೇಸರ್ ಇಲ್ಲದೆ ಪಂಪ್ ಮಾರಲೇಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಪೇಸರ್ ಎಂದರೆ ಪಂಪಿಗೂ ಬಾಯಿಗೂ ನಡುವೆ ಕೂರಿಸುವ ಪ್ಲಾಸ್ಟಿಕ್ ಗೂಡು; ಹಬೆಯ ವೇಗ ಅದರಲ್ಲೇ ಇಳಿಯುತ್ತದೆ, ದಪ್ಪ ಹನಿಗಳು ಅದರ ಗೋಡೆಗೇ ಕೂರುತ್ತವೆ, ಒತ್ತುವುದಕ್ಕೂ ಎಳೆಯುವುದಕ್ಕೂ ಕ್ಷಣದ ಹೊಂದಾಣಿಕೆ ಬೇಕಿಲ್ಲ. ಒಂದು ಪಫ್ ಒತ್ತಿ, ಒಂದು ದೀರ್ಘ ಉಸಿರೆಳೆದು ಹಿಡಿದುಕೊಂಡರೂ ಆಯಿತು, ಇಲ್ಲವೇ ಸಹಜವಾಗಿ ನಾಲ್ಕೈದು ಸಲ ಉಸಿರಾಡಿದರೂ ಆಯಿತು. ಎರಡನೆಯದು ಕವಾಟವಿರುವ ಸ್ಪೇಸರ್‌ಗೆ ಹೊಂದುತ್ತದೆ. ಅಗ್ಗಕ್ಕೆ ಸಿಗುವ, ಕವಾಟವೇ ಇಲ್ಲದ, ಪಂಪನ್ನು ಸಿಕ್ಕಿಸಿದರೆ ಅಲುಗಾಡುವ ಮಾಲನ್ನು ತರಬೇಡಿ. ತೊಳೆಯುವಾಗ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ, ನೆರಳಿನಲ್ಲಿ ತಾನಾಗಿ ಒಣಗಲು ಬಿಡಬೇಕು. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೇ ಅಂಟಿಸಿಕೊಳ್ಳುತ್ತದೆ.

ಸ್ಪೇಸರ್ ಕೈಗೆ ಸಿಗದ ಹೊತ್ತಿನ ಅಡ್ಡದಾರಿಯೊಂದನ್ನು ಮಾತ್ರ ನಾನು ಒಪ್ಪುತ್ತೇನೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಮಾಡಿ, ಸಂದಿಗೆ ಟೇಪು ಸುತ್ತಿ, ಬಾಟಲಿಯ ಬಾಯಿಯಿಂದ ಉಸಿರಾಡುವುದು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂದು ಮುಚ್ಚಿದ ಇಂಥ ಬಾಟಲಿ ಮಕ್ಕಳ ಅಸ್ತಮಾದಲ್ಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತ್ತು. ಅದೇ ಅಧ್ಯಯನದಲ್ಲಿ ಥರ್ಮಾಕೋಲ್ ಲೋಟ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ.

ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್ ಬಗೆಯ ಸಾಧನಕ್ಕೆ ಮೇಲಿನ ಮಾತು ಹೊಂದುವುದಿಲ್ಲ. ಅದರೊಳಗೆ ಪುಡಿಯಿದೆ, ದೂಡುವ ಅನಿಲವಿಲ್ಲ, ನಿಮ್ಮ ಉಸಿರೇ ಅದನ್ನು ಎಬ್ಬಿಸಬೇಕು. ಆದ್ದರಿಂದ ಇಲ್ಲಿ ರಭಸವಾಗಿ, ಆಳವಾಗಿ ಎಳೆಯಬೇಕು. ಅದರೊಳಕ್ಕೆ ಊದಿದರೆ ಪುಡಿ ಒದ್ದೆಯಾಗಿ ಗಂಟಾಗುತ್ತದೆ. ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿ, “ಗುಣವೇ ಕಾಣಲಿಲ್ಲ” ಎಂದು ಬಂದವರನ್ನೂ ಕಂಡಿದ್ದೇನೆ.

ಸ್ಟಿರಾಯ್ಡ್ ಪಂಪಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿಯ ಬೂಷ್ಟು ಕೂರುತ್ತದೆ, ದನಿ ಒಡೆಯುತ್ತದೆ. ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟು, ಬೆಳಿಗ್ಗೆ ರಾತ್ರಿ ಹಲ್ಲುಜ್ಜುವ ಮೊದಲು ತೆಗೆದುಕೊಂಡರೆ ಮರೆವಿಗೂ ಮುಕ್ಕಳಿಕೆಗೂ ಒಟ್ಟಿಗೆ ಪರಿಹಾರ ಸಿಗುತ್ತದೆ.

ಔಷಧ ಮುಗಿದ ಮೇಲೂ ಡಬ್ಬಿಯಲ್ಲಿ ಉಳಿದ ಅನಿಲ ಬುಸ್ಸೆನ್ನುತ್ತಲೇ ಇರುತ್ತದೆ, ಆದ್ದರಿಂದ ಸದ್ದನ್ನು ನಂಬಬಾರದು. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವೂ ನಂಬತಕ್ಕದ್ದಲ್ಲ. ಎಣಿಕೆ ತೋರಿಸುವ ಡಬ್ಬಿಯನ್ನೇ ಕೇಳಿ ಪಡೆಯಿರಿ, ಅದು ಸಿಗದಿದ್ದರೆ ಮುಗಿಯಬೇಕಾದ ದಿನಾಂಕವನ್ನು ಮಾರ್ಕರಿನಲ್ಲಿ ಬರೆದಿಡಿ: 120 ಪಫ್‌ನ ಡಬ್ಬಿ, ದಿನಕ್ಕೆ ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದಾದರೆ 30 ದಿನಕ್ಕೆ ಮುಗಿಯುತ್ತದೆ.

ಅಸ್ತಮಾ ಇದ್ದು ಹೃದಯದ ಮಾತ್ರೆಯನ್ನೂ ನುಂಗುವವರು ಎರಡು ಕಡೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಎರಡೂ ವೈದ್ಯರಿಗೆ ತೋರಿಸಬೇಕು. ಕೆ.ಆರ್. ಆಸ್ಪತ್ರೆಯಲ್ಲಿ ಎದೆಗೆ ಒಂದು ಚೀಟಿ, ಜಯದೇವದಲ್ಲಿ ಹೃದಯಕ್ಕೆ ಇನ್ನೊಂದು ಚೀಟಿ ಬರೆಸಿಕೊಂಡವರು ಒಂದನ್ನು ಮನೆಯಲ್ಲಿ ಬಿಟ್ಟು ಬರುವುದೇ ಹೆಚ್ಚು. ಪ್ರೊಪ್ರನಾಲಾಲ್‌ನಂಥ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ತಗ್ಗಿಸುವ ಮಾತ್ರೆ, ಶ್ವಾಸನಾಳವನ್ನು ಬಿಗಿಸಿ ಅಸ್ತಮಾ ಕೆರಳಿಸಬಲ್ಲದು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇದೇ ಜಾತಿಯದು, ಅದನ್ನು ಔಷಧವೆಂದು ಎಣಿಸದೆ ಹೇಳದೇ ಬಿಡುವವರೇ ಹೆಚ್ಚು. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಹೃದಯದ ಮೇಲೆ ಹೆಚ್ಚು, ಶ್ವಾಸನಾಳದ ಮೇಲೆ ಕಡಿಮೆ ಕೆಲಸ ಮಾಡುವಂಥವು, ಅವನ್ನು ಕೊಡುವ ನಿರ್ಧಾರ ಮಾತ್ರ ವೈದ್ಯರದು. ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್ ನುಂಗುವವರಲ್ಲಿ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಅದನ್ನು ಅಸ್ತಮಾ ಎಂದುಕೊಂಡು ಸಿರಪ್ಪಿನ ಮೇಲೆ ಸಿರಪ್ಪು ಕುಡಿಯುತ್ತಾರೆ. ದಮ್ಮಿಗೆ ಕೊಡುವ ಥಿಯೋಫಿಲಿನ್ ಇರುವ ಮಾತ್ರೆ ತೆಗೆದುಕೊಳ್ಳುವಾಗ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಾಂತಿ, ಎದೆಬಡಿತ ಶುರುವಾಗಬಹುದು. ಇವ್ಯಾವನ್ನೂ ಇದನ್ನು ಓದಿದ ಮಾತ್ರಕ್ಕೆ ತಾವಾಗಿ ನಿಲ್ಲಿಸಬಾರದು. ಬೀಟಾ ಬ್ಲಾಕರ್ ಹಠಾತ್ತನೆ ನಿಲ್ಲಿಸುವುದೇ ಅಪಾಯ.

ದಮ್ಮೆಂದರೆಲ್ಲ ಅಸ್ತಮಾ ಅಲ್ಲ. ಮಲಗಿದರೆ ಉಸಿರು ಕಟ್ಟಿ, ಎರಡು ಮೂರು ದಿಂಬು ಒರಗಿಕೊಂಡೇ ನಿದ್ದೆ ಮಾಡಬೇಕಾಗಿ, ಕಾಲು ಊದಿಕೊಂಡಿದ್ದರೆ ಅದು ಹೃದಯ ಸೋಲುತ್ತಿರುವ ಲಕ್ಷಣವಾಗಿರಬಹುದು, ಪಂಪು ಅದಕ್ಕೆ ಮದ್ದಲ್ಲ. ಎದೆ ಹಿಂಡಿ ನೋವು ಬಂದಾಗ ವೈದ್ಯರು ಬರೆದುಕೊಟ್ಟ ಸಾರ್ಬಿಟ್ರೇಟ್ ಮಾತ್ರೆಯನ್ನು ಕುಳಿತುಕೊಂಡು ನಾಲಿಗೆಯ ಕೆಳಗಿಡಬೇಕು, ನಿಂತೇ ಇದ್ದರೆ ರಕ್ತದೊತ್ತಡ ಇಳಿದು ಬೀಳುವ ಸಂಭವವಿದೆ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ಸಿಲ್ಡೆನಫಿಲ್ (ವಯಾಗ್ರ) ತೆಗೆದುಕೊಂಡು 24 ಗಂಟೆ ಕಳೆಯದವರು ಸಾರ್ಬಿಟ್ರೇಟ್ ಮುಟ್ಟಲೇಬಾರದು, ಸಿಲ್ಡೆನಫಿಲ್ ತೆಗೆದುಕೊಂಡದ್ದನ್ನು ಸಂಕೋಚದಿಂದ ಮುಚ್ಚಿಡಲೂಬಾರದು.

ಅಸ್ತಮಾ ತೀವ್ರವಾಗಿ ಕೆರಳಿದಾಗ ಮಲಗಿಸದೆ ನೆಟ್ಟಗೆ ಕೂರಿಸಿ, ಸ್ಪೇಸರ್‌ನಿಂದ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ 4 ಪಫ್ ಕೊಟ್ಟು, 4 ನಿಮಿಷ ನೋಡಬೇಕು. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಅದನ್ನೇ ಮುಂದುವರಿಸಬೇಕು. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದ್ದರೆ ಆ 4 ನಿಮಿಷವನ್ನೂ ಕಾಯದೆ ಆಸ್ಪತ್ರೆಗೆ ಹೊರಡಿಸಬೇಕು.

ಪಂಪನ್ನು ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲೋ ಬಿಸಿಲಿಗೆ ನಿಂತ ಕಾರಿನಲ್ಲೋ ಇಡಬೇಡಿ. ಖಾಲಿಯಾದ ಡಬ್ಬಿಯನ್ನು ಒಲೆಗೆ, ಕಸದ ಬೆಂಕಿಗೆ, ಗದ್ದೆಯ ತರಗಿನ ರಾಶಿಗೆ ಎಸೆಯಬೇಡಿ. ಒಳಗಿನ ಒತ್ತಡಕ್ಕೆ ಅದು ಸಿಡಿಯುತ್ತದೆ.