83 ಬಂದಾಗಲೇ ಅನುಮಾನ ಪಡಬೇಕಿತ್ತು

ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಪ್ರಕಾರ 83 ಪಿಎಸ್, ಅಂದರೆ ಮೆಟ್ರಿಕ್ ಹಾರ್ಸ್‌ಪವರ್. ಅದು ನಿಜವಾ ಅಂತ ನೋಡುವ ಹುಚ್ಚು ಹತ್ತಿತು. ಕಾರಿನ ಶಕ್ತಿ ಅಳೆಯುವ ಡೈನೋ ಯಂತ್ರಕ್ಕೆ ದುಡ್ಡು ಕೊಡುವ ಮನಸ್ಸಿರಲಿಲ್ಲ.

ಲೆಕ್ಕ ಸುಲಭ. ತೂಕ, ವೇಗ, ವೇಗ ಏರುವ ದರ ಮೂರನ್ನೂ ಗುಣಿಸಿದರೆ ವಾಟ್. 735.5ರಿಂದ ಭಾಗಿಸಿದರೆ ಪಿಎಸ್. ತೂಕಕ್ಕೆ ಬ್ರೋಷರ್ ನಂಬಲಿಲ್ಲ. ಪುಣೆ ಹತ್ತಿರದ ಚಾಕಣದಲ್ಲಿ ಲಾರಿ ತೂಗುವ ಕಾಟಾ ಮೇಲೆ ಕಾರು ನಿಲ್ಲಿಸಿದೆ. ನಾನು, ಹುಬ್ಬಳ್ಳಿಯ ಗೆಳೆಯ, ಪೆಟ್ರೋಲ್ ಎಲ್ಲ ಸೇರಿ 1050 ಕೆಜಿ. ಕಾಟಾದವನು ಮರಾಠಿಯಲ್ಲಿ "ಮಾಲ್ ಎಲ್ಲಿ?" ಅಂದ. ಗೆಳೆಯನ ಕಡೆ ಕೈ ತೋರಿಸಿದೆ.

ಭಾನುವಾರ ಬೆಳಗ್ಗೆ ಆರಕ್ಕೆ ಅಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯ ಖಾಲಿ ರಸ್ತೆ. ಎಸಿ ಬಂದ್, ಎರಡನೇ ಗೇರ್, 40ರಿಂದ ಪೂರ್ತಿ ಆಕ್ಸಿಲರೇಟರ್. 80 ಕಿಮೀ ಹತ್ತಿರ, ಅಂದರೆ ಸೆಕೆಂಡಿಗೆ 22.2 ಮೀಟರ್ ವೇಗದಲ್ಲಿ, ವೇಗ ಏರುವ ದರ ಅಳೆಯುವ ಫೋನಿನ ಸೆನ್ಸರ್, ಆಕ್ಸಿಲರೋಮೀಟರ್, 2.34 ತೋರಿಸಿತು. ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 2.34 ಮೀಟರ್‌ನಷ್ಟು ಏರುತ್ತಿತ್ತು. ಗಾಳಿ, ಟೈರು ತಿನ್ನುವ ಪಾಲು ಬೇರೆ. ಅದಕ್ಕೆ ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಬಿಟ್ಟೆ. 85ರಿಂದ 75ಕ್ಕೆ ಇಳಿಯಲು ಒಂಬತ್ತೂವರೆ ಸೆಕೆಂಡ್, ಅಂದರೆ 0.29. ಎರಡನ್ನೂ ಕೂಡಿಸಿ ಗುಣಿಸಿದರೆ ಸರಿಯಾಗಿ 83! "ಖರೇನ ಹೇಳ್ಯಾರಲೇ" ಅಂದ ಗೆಳೆಯ.

ಮಿಸಳ್ ತಿನ್ನುವಾಗ ತಲೆಗೆ ಹೊಳೆಯಿತು. ಕಂಪನಿಯ 83 ಇಂಜಿನ್‌ನದು. ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಕಮ್ಮಿ ಆಗಲೇಬೇಕು ಅಲ್ವಾ? ಮೇಲಾಗಿ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಐದಾರು ಪರ್ಸೆಂಟ್ ಸೊರಗುತ್ತದೆ.

ಆಕ್ಸಿಲರೋಮೀಟರ್ ದಾಖಲೆಯಿಂದಲೇ ವೇಗ ಕೂಡಿಸುತ್ತಾ ಹೋದೆ. 40ರಿಂದ 86ಕ್ಕೆ ಹೋಯಿತು. ಜಿಪಿಎಸ್ 80 ಅಂತಿತ್ತು. ಕಳ್ಳ ಸಿಕ್ಕ. ಜೋರಾಗಿ ಒತ್ತಿದಾಗ ಕಾರು ಮೂತಿ ಎತ್ತುತ್ತದೆ, ನನ್ನ ಅಗ್ಗದ ಹೋಲ್ಡರ್ ಹಿಂದಕ್ಕೆ ಬಾಗುತ್ತದೆ. ಫೋನು ಎರಡೇ ಡಿಗ್ರಿ ವಾಲಿದರೂ ಭೂಮಿಯ ಸೆಳೆತದಿಂದ 0.34 ಒಳಗೆ ನುಸುಳುತ್ತದೆ. ಯಾವುದು ಸೆಳೆತ, ಯಾವುದು ಓಟ ಅಂತ ಸೆನ್ಸರ್‌ಗೆ ಗೊತ್ತಾಗುವುದಿಲ್ಲ.

ಮುಂದಿನ ಭಾನುವಾರ ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದುವ ಓಬಿಡಿ ಡಾಂಗಲ್ ಚುಚ್ಚಿ ಕಾರಿನದೇ ವೇಗ ತಗೊಂಡೆ. ಅದು ಪೂರ್ಣ ಸಂಖ್ಯೆ ಮಾತ್ರ ಕೊಡುತ್ತದೆ. ಆರ್‌ಪಿಎಂ, ತಾಪಮಾನ ಅಂತ ಎಲ್ಲ ಕೇಳಿದರೆ ಉತ್ತರ ತಡ, ಹಾಗಾಗಿ ವೇಗ ಒಂದನ್ನೇ ಕೇಳಿದೆ. ರಸ್ತೆಯ ಏರಿಳಿತ ಕಳೆಯಲು ಆ ಕಡೆ ಮೂರು, ಈ ಕಡೆ ಮೂರು ಓಟ. 75ರಿಂದ 85ಕ್ಕೆ ಸರಾಸರಿ 1.4 ಸೆಕೆಂಡ್. ಇಲ್ಲಿ 0.1 ತಪ್ಪಿದರೂ ನಾಲ್ಕು ಪಿಎಸ್ ಹಾರುತ್ತದೆ, ಒಂದೇ ಓಟ ನಂಬಬೇಡಿ. ಚಕ್ರದಲ್ಲಿ ಸಿಕ್ಕಿದ್ದು 72ರ ಆಸುಪಾಸು.

"ಉಳದ ಹನ್ನೊಂದು ಕುದುರಿ ಎಲ್ಲಿ ಹ್ವಾದವು?" ಅಂದ ಗೆಳೆಯ.

"ಕೆಲವು ಗೇರ್‌ಬಾಕ್ಸ್‌ನಲ್ಲಿವೆ. ಉಳಿದವು ಘಾಟ್ ಇಳಿದು ಮುಂಬೈಗೆ ಹೋದರೆ ಸಿಗುತ್ತವೆ" ಅಂದೆ.