ಹೊಳೆ ದಂಡೆಯಲ್ಲಿ ರಾತ್ರಿ ಗಾಳ ಹಾಕಲು ಹೊರಟವರಿಗೆ

ಗೆಳೆಯರೆಲ್ಲ ಸೇರಿ ಭೀಮಾ ದಂಡೆಗೆ ರಾತ್ರಿ ಗಾಳ ಹಾಕಲು ಹೋಗುವುದು ನಮ್ಮ ಕಡೆ ಹೊಸದಲ್ಲ. ಈಗ ಯಾದಗಿರಿ, ಶಹಾಪುರ, ಕಲಬುರಗಿಯಲ್ಲಿ ನೌಕರಿ ಮಾಡುವ ಹುಡುಗರೂ ಶನಿವಾರ ಸಂಜೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಹೋಗಿ, ಖುಷಿಯಿಂದ ಹೋಗಿ. ಆದರೆ ಮೊದಲು ಮಲಗುವ ಜಾಗ ನೋಡಿ, ಗಾಳ ಆಮೇಲೆ. ಸೂರ್ಯ ಮುಳುಗುವ ಎರಡು ತಾಸು ಮೊದಲೇ ದಂಡೆ ಮುಟ್ಟಿರಬೇಕು. ಕತ್ತಲಾದ ಮೇಲೆ ಜಾಗ ಹುಡುಕುವವರು ಎಲ್ಲಿ ತಗ್ಗಿದೆಯೋ ಅಲ್ಲೇ ಚಾಪೆ ಹಾಸುತ್ತಾರೆ, ಯಾಕೆಂದರೆ ಅದೇ ಸಮತಟ್ಟಾಗಿ ಕಾಣುತ್ತದೆ.

ತಗ್ಗಿನಲ್ಲಿ ಮಲಗಬೇಡಿ ಅನ್ನಲು ಕಾರಣ ಇದೆ. ನಮ್ಮ ಹೊಳೆ ತುಂಬಲು ಮಳೆ ಇಲ್ಲೇ ಬರಬೇಕು ಅಂತಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮಾಕ್ಕೆ ನೀರು ಬಿಟ್ಟರೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನ ಗೇಟು ಎತ್ತುತ್ತಾರೆ. ಅಲ್ಲಿಂದ ಗಾಣಗಾಪುರ, ಸನ್ನತಿ, ಯಾದಗಿರಿ ಅಂತ ನೀರು ಇಳಿಯುತ್ತಾ ಬರುತ್ತದೆ. ಕೃಷ್ಣಾ ಕಡೆ ಹೋಗುವವರಿಗೆ ನಾರಾಯಣಪುರದ ಬಸವಸಾಗರ ಜಲಾಶಯ ಇದ್ದೇ ಇದೆ. ಅಲ್ಲಿಂದ ನೀರು ಜಾಸ್ತಿ ಬಿಟ್ಟರೆ ಹೊಳೆಯ ನಡುಗಡ್ಡೆಯಲ್ಲಿರುವ ನೀಲಕಂಠರಾಯನಗಡ್ಡಿಯ ಜನರಿಗೆ ಊರಿಂದ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ದಂಡೆಯ ಹಳ್ಳಿಗಳ ಗತಿ ಏನಾಯಿತು ಅಂತ ಆ ಕಡೆಯವರನ್ನು ಕೇಳಿದರೆ ಹೇಳುತ್ತಾರೆ. ತಲೆಯ ಮೇಲೆ ನಕ್ಷತ್ರ ಕಾಣುತ್ತಿರುತ್ತದೆ, ಕಾಲ ಬುಡಕ್ಕೆ ನೀರು ಬಂದಿರುತ್ತದೆ. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ನೀರು ಬಿಡುವ ಸುದ್ದಿ ಇದೆಯಾ ಅಂತ ವಿಚಾರಿಸಿ. ಪೇಪರಿನಲ್ಲೂ ಬರುತ್ತದೆ, ದಂಡೆಯ ಊರಲ್ಲಿ ಡಂಗುರವೂ ಸಾರುತ್ತಾರೆ. ದಂಡೆಗೆ ಹೋದ ಮೇಲೆ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ತಾಸಿಗೊಮ್ಮೆ ಬ್ಯಾಟರಿ ಬಿಟ್ಟು ನೋಡಿ. ನೀರು ಕಡ್ಡಿ ದಾಟಿತೋ, ಗಾಳ ಸುತ್ತಿಕೊಂಡು ಮೇಲೆ ಬನ್ನಿ. ಇನ್ನೊಂದು ಮೀನು ಹಿಡಿದು ಬರೋಣ ಅಂತ ಕೂರಬೇಡಿ.

ಇನ್ನು ನಮ್ಮ ಎರೆ ಮಣ್ಣಿನ ದಂಡೆ. ಮೇಲಿಂದ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ನೀರು ಕೊರೆದಿರುತ್ತದೆ. ಅಂಚಿಗೆ ಬಿರುಕು ಬಿಟ್ಟಿದ್ದರೆ ಅಲ್ಲಿ ಕುರ್ಚಿ ಹಾಕಬೇಡಿ. ಒಂದು ಸಣ್ಣ ಮಳೆ ಬಿದ್ದರೂ ಬೈಕಿನ ಗಾಲಿಗೆ ಮಣ್ಣು ಮೆತ್ತಿಕೊಂಡು ತಿರುಗುವುದೇ ಇಲ್ಲ, ಆದ್ದರಿಂದ ಗಾಡಿಗಳನ್ನು ಡಾಂಬರು ಅಥವಾ ಗರಸು ರಸ್ತೆಯ ಹತ್ತಿರವೇ ನಿಲ್ಲಿಸಿ, ಮುಖ ಊರಿನ ಕಡೆ ಇರಲಿ.

ಮಳೆಗಾಲದಲ್ಲಿ ಹೋಗುವುದೇ ಬೇಡ. ಕಾಟ್ಲಾ, ರೋಹು, ಮೃಗಾಲ ಮೊಟ್ಟೆ ಇಡುವ ಕಾಲ ಅದು. ಹೊಟ್ಟೆಯಲ್ಲಿ ತತ್ತಿ ತುಂಬಿಕೊಂಡ ಮೀನು ಹಿಡಿದು ತಂದರೆ ನನಗಂತೂ ಅದನ್ನು ಕೊಯ್ಯಲು ಮನಸ್ಸು ಬರುವುದಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಹೋಗಿ. ಡಿಸೆಂಬರ್, ಜನವರಿಯ ಥಂಡಿಯಲ್ಲಿ ಮೀನು ಮಂದವಾಗಿರುತ್ತವೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅಂತಾರಲ್ವಾ, ಅಲ್ಲಿಂದ ಯುಗಾದಿವರೆಗಿನ ರಾತ್ರಿಗಳು ಕೂರುವವರಿಗೂ ಹಿತ, ಮೀನಿಗೂ ಹಸಿವು. ಕೆರೆ, ಜಲಾಶಯಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅದು ಅವರ ಹೊಟ್ಟೆಪಾಡು. ಕೇಳಿ, ಒಪ್ಪಿಗೆ ತಗೊಂಡು ಕೂರಿ. ಚಿಂಚೋಳಿ ಕಡೆ ಚಂದ್ರಂಪಳ್ಳಿ ಚೆನ್ನಾಗಿದೆ ಅಂತ ಅಲ್ಲಿಗೆ ಗಾಳ ಒಯ್ಯಬೇಡಿ, ಅದು ವನ್ಯಜೀವಿಗಳಿಗೆ ಬಿಟ್ಟ ಕಾಡು.

ಈಗ ಬೆಂಡಿನ ಮಾತು, ಅಂದರೆ ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ, ಮೀನು ಕಚ್ಚಿದ್ದನ್ನು ತೋರಿಸುವ ತುಂಡು. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಆದರೂ ಜೋಳದ ದಂಟಿನ ಬೆಂಡು ನನಗೆ ಇಷ್ಟ. ಚೆನ್ನಾಗಿ ಒಣಗಿದ ದಪ್ಪ ದಂಟು ಆರಿಸಿ, ಮೇಲಿನ ಸಿಪ್ಪೆ ತೆಗೆದು, ಎರಡು ಬೆರಳುದ್ದದ ತುಂಡು ಮಾಡಿ. ಹಾಗೇ ಬಿಟ್ಟರೆ ನೀರು ಕುಡಿದು ಭಾರವಾಗುತ್ತದೆ. ಮೇಣದಬತ್ತಿ ಕರಗಿಸಿ ಸುತ್ತಲೂ ಸವರಿ, ತುದಿಗೆ ಮನೆಯಲ್ಲಿರುವ ಕೆಂಪು ನೇಲ್ ಪಾಲಿಶ್ ಹಚ್ಚಿ. ದಾರಕ್ಕೆ ಕಟ್ಟಿದ ಮೇಲೆ ಮನೆಯಲ್ಲೇ ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ಸೀಸದ ಗುಂಡು ಒಂದೊಂದೇ ಏರಿಸುತ್ತಾ ಹೋಗಿ, ಬೆಂಡು ನೆಟ್ಟಗೆ ನಿಂತು ಒಂದು ಬೆರಳಗಲ ಮಾತ್ರ ಮೇಲೆ ಕಂಡರೆ ಸಾಕು. ಜಾಸ್ತಿ ಮೇಲಿದ್ದರೆ ಮೀನು ಎಳೆದಾಗ ಭಾರ ಗೊತ್ತಾಗಿ ಉಗುಳಿಬಿಡುತ್ತದೆ. ಹೊಳೆಯಲ್ಲಿ ಬೆಂಡು ಅಡ್ಡ ಮಲಗಿದರೆ ಗುಂಡು ತಳ ಮುಟ್ಟಿದೆ ಅಂತ ಅರ್ಥ, ಬೆಂಡನ್ನು ಗಾಳದ ಕಡೆ ಸರಿಸಿ ಆಳ ಕಡಿಮೆ ಮಾಡಿ.

ಆಳ ಎಷ್ಟಿರಬೇಕು ಅನ್ನುವುದು ಯಾವ ಮೀನು ಬೇಕು ಅನ್ನುವುದರ ಮೇಲಿದೆ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ. ಇವಕ್ಕೆ ಗೋದಿ ಹಿಟ್ಟು, ಗಾಣದ ಶೇಂಗಾ ಹಿಂಡಿ, ಚೂರು ಬಡೇಸೋಪಿನ ಪುಡಿ ಕಲಸಿ ಗಟ್ಟಿಯಾಗಿ ನಾದಿದ ಉಂಡೆ ಸಾಕು. ಹಿಟ್ಟು ಮೆತ್ತಗಾದರೆ ಎಸೆಯುವಾಗಲೇ ಉದುರುತ್ತದೆ. ಇದನ್ನು ಸಂಜೆ ಮತ್ತು ನಸುಕಿನಲ್ಲಿ ಹಾಕಿ. ನಡುರಾತ್ರಿಯಲ್ಲಿ ಹಿಟ್ಟಿನ ಉಂಡೆ ಹಿಡಿದು ಸುಮ್ನೆ ಕೂರಬೇಡಿ. ಆಗ ಓಡಾಡುವುದು ಮೀಸೆ ಮೀನುಗಳು, ಅಂದರೆ ಬಾಳೆ ಮೀನು, ಗಿರ್ಲು, ಚೇಳು ಮೀನು. ಎರೆಹುಳು ಚುಚ್ಚಿ ತಳಕ್ಕೆ ಇಳಿಬಿಡಿ. ಬೆಂಡಿನ ತುದಿಗೆ ರೇಡಿಯಂ ಪಟ್ಟಿ ಸುತ್ತಿದರೆ ಬ್ಯಾಟರಿ ಬೆಳಕಿಗೆ ಹೊಳೆಯುತ್ತದೆ. ಬ್ಯಾಟರಿಯನ್ನು ನೀರಿನ ಮೇಲೆ ಸದಾ ಬಿಡಬೇಡಿ, ಮೀನು ದೂರ ಸರಿಯುತ್ತವೆ.

ಬೆಂಡು ನಡುಗಿದ ಕೂಡಲೇ ಎಳೆಯುವ ಆತುರ ಎಲ್ಲ ಹುಡುಗರಿಗೂ ಇರುತ್ತದೆ. ಸಣ್ಣ ನಡುಕ ಅಂದರೆ ಸಣ್ಣ ಮೀನು ಚಿವುಟುತ್ತಿದೆ. ಬೆಂಡು ಓರೆಯಾಗಿ ಸರಿಯುತ್ತಾ ಮುಳುಗಿದಾಗ ಮಣಿಕಟ್ಟಿನಿಂದ ಎತ್ತಿ, ಇಡೀ ತೋಳು ಬೀಸಬೇಡಿ. ಬೆಂಡು ಮುಳುಗದೆ ಮೇಲೆದ್ದು ಅಡ್ಡ ಬಿದ್ದರೂ ಎತ್ತಿ, ತಳದ ಮೀನು ಉಂಡೆ ಕಚ್ಚಿ ಮೇಲಕ್ಕೆತ್ತಿದೆ.

ಗಾಳ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ದಾರ ಕತ್ತರಿಸಿ. ಬಿಡಿಸಲು ನೀರಿಗೆ ಇಳಿಯಬೇಡಿ. ಗಾಳದ ಬೆಲೆ ಎಷ್ಟು, ನಿಮ್ಮ ಜೀವದ ಬೆಲೆ ಎಷ್ಟು? ಮಡು ಎಲ್ಲಿದೆ ಅಂತ ಊರಿನವರಿಗೂ ಪ್ರತಿ ವರ್ಷ ಹೊಸದಾಗಿ ಗೊತ್ತಾಗಬೇಕು, ಮರಳು ತೆಗೆದ ಗುಂಡಿಗಳು ಬೇರೆ. ಜೊತೆಗೆ ಕೃಷ್ಣೆಯಲ್ಲೂ, ಬೀದರ ಕಡೆಯ ಮಾಂಜ್ರಾದಲ್ಲೂ ಮೊಸಳೆ ಇವೆ. ಕತ್ತಲಲ್ಲಿ ನೀರಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಕೈ ತೊಳೆಯುವುದು, ಮೀನು ಕೊಯ್ಯುವುದು ಬೇಡವೇ ಬೇಡ. ಬಕೆಟ್ಟಿನಲ್ಲಿ ನೀರು ಬೆಳಕಿರುವಾಗಲೇ ತುಂಬಿಸಿ ಮೇಲೆ ಇಟ್ಟುಕೊಳ್ಳಿ. ಹರಿಗೋಲಿನಲ್ಲಿ ಒಂದು ಸುತ್ತು ಹೋಗಿಬರೋಣ ಅಂತ ಆಸೆಯಾದರೆ ಬೆಳಿಗ್ಗೆ ಹೋಗಿ, ಹುಟ್ಟು ಹಾಕುವವರು ಅದೇ ಊರಿನವರಿರಲಿ, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿ. ಇನ್ನೊಂದು ಉಪಾಯ ಹೇಳುತ್ತೇನೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ತಳದಲ್ಲಿ ಸ್ವಲ್ಪ ನೀರು ಬಿಟ್ಟು, ಮುಚ್ಚಳ ಬಿಗಿಯಾಗಿ ಹಾಕಿ, ಹಿಡಿಗೆ ಹದಿನೈದು ಮೀಟರ್ ಹಗ್ಗ ಕಟ್ಟಿ ಕೈಗೆ ಸಿಗುವಂತೆ ಇಡಿ. ಯಾರಾದರೂ ಜಾರಿ ಬಿದ್ದರೆ ಹಿಂದೆ ಹಾರಬೇಡಿ, ಕ್ಯಾನ್ ಎಸೆಯಿರಿ. ನೀರಿದ್ದರೆ ದೂರ ಹೋಗುತ್ತದೆ, ಗಾಳಿ ಇರುವುದರಿಂದ ತೇಲುತ್ತದೆ.

ಕುಡಿಯುವ ಬಾಟಲಿ ಈ ರಾತ್ರಿಗೆ ಬೇಡ. ಕುಡಿಯುವವರು ಬರುತ್ತೇನೆ ಅಂದರೆ ಬೇರೆ ದಿನ ಊಟಕ್ಕೆ ಕರೆಯಿರಿ, ಹೊಳೆಗೆ ಬೇಡ.

ಬುತ್ತಿಗೆ ನಮ್ಮ ಒಣಗಿದ ಕಟಕ ರೊಟ್ಟಿಯನ್ನು ಮೀರಿಸುವುದು ಯಾವುದೂ ಇಲ್ಲ. ಹಳಸುವುದಿಲ್ಲ, ಬೆವರುವುದಿಲ್ಲ. ಶೇಂಗಾ ಚಟ್ನಿ, ಕೆಂಪು ಖಾರ, ಉಳ್ಳಾಗಡ್ಡಿ ಕಟ್ಟಿಕೊಡಿ. ಮಾರ್ಚ್ ಆದಮೇಲೆ ಮೊಸರನ್ನ ಒಯ್ಯಬೇಡಿ, ಮಧ್ಯರಾತ್ರಿಗೆ ಹುಳಿ ಬಂದಿರುತ್ತದೆ. ಮೀನು ಸಿಕ್ಕರೆ ಅಲ್ಲೇ ಹುರಿಯೋಣ ಅಂತ ಬರೀ ಮಸಾಲೆ ಒಯ್ಯುವವರೂ ಇದ್ದಾರೆ, ಮೀನು ಸಿಗದ ರಾತ್ರಿಯೂ ಇರುತ್ತದೆ, ಆದ್ದರಿಂದ ರೊಟ್ಟಿ ಮೊದಲು. ಕುಡಿಯುವ ನೀರು ಒಬ್ಬರಿಗೆ ನಾಲ್ಕೈದು ಲೀಟರ್ ಲೆಕ್ಕ. ಹೊಳೆ ನೀರು ಕುಡಿಯಬೇಡಿ. ಒಲೆಗೆ ತೊಗರಿ ಕಟ್ಟಿಗೆ ಬೇಗ ಹತ್ತುತ್ತದೆ, ಅಷ್ಟೇ ಬೇಗ ಬೂದಿಯೂ ಆಗುತ್ತದೆ. ಹೊತ್ತಿಸಲು ಅದು, ಕೆಂಡಕ್ಕೆ ಜಾಲಿ ಕಟ್ಟಿಗೆ. ಶಿವರಾತ್ರಿ, ಯುಗಾದಿಯ ದಿನಗಳಲ್ಲಿ ಹೊಲದಲ್ಲಿ ಕಣಿಕೆ ಬಣವೆ, ಒಣಗಿದ ಜೋಳ ಇರುತ್ತವೆ. ಒಲೆಯನ್ನು ಅವುಗಳಿಂದ ದೂರ, ಬರೀ ನೆಲದ ಮೇಲೆ ಹೂಡಿ, ಮಲಗುವ ಮೊದಲು ನೀರು ಹಾಕಿ ಪೂರ್ತಿ ಆರಿಸಿ. ರೈತರ ವರ್ಷದ ಮೇವು ಒಂದು ಕಿಡಿಗೆ ಹೋಗಬಾರದು.

ಎರೆ ಭೂಮಿಯ ಬಿರುಕಿನಲ್ಲಿ ಚೇಳು, ಹಾವು ಇರುತ್ತವೆ. ನೆಲದ ಮೇಲೆ ಬರೀ ಚಾಪೆ ಹಾಸಿ ಮಲಗಬೇಡಿ. ಕಟ್ಟು ಹಾವು ರಾತ್ರಿ ಹಾಸಿಗೆಯೊಳಗೇ ಬರುತ್ತದೆ, ಕಚ್ಚಿದರೂ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಮಡಚುವ ಮಂಚ ಒಯ್ಯಿರಿ. ಅದಿಲ್ಲದಿದ್ದರೆ ಸೊಳ್ಳೆ ಪರದೆ ಕಟ್ಟಿ ಅಂಚನ್ನು ನಾಲ್ಕೂ ಕಡೆ ಹಾಸಿಗೆಯಡಿ ಸಿಕ್ಕಿಸಿ. ಬೂಟು ಜಾಡಿಸದೆ ಕಾಲು ಹಾಕಬೇಡಿ. ಯಾರಾದರೂ ನಸುಕಿನಲ್ಲಿ ಎದ್ದು ಹೊಟ್ಟೆ ನೋವು ಅಂದರೆ, ರೆಪ್ಪೆ ಜೋತು ಬಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ತಡ ಮಾಡಬೇಡಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಒಂದೂ ಬೇಡ. ನಡೆಸದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಫೋನ್ ಮಾಡಿ. ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಸಂಜೆಯೇ ನೋಡಿಟ್ಟುಕೊಳ್ಳಿ.

ಚೇಳು ಮೀನು, ಗಿರ್ಲು ಹಿಡಿದಾಗ ಬರಿಗೈ ಹಾಕಬೇಡಿ, ಕಿವಿರಿನ ಪಕ್ಕದ ಮುಳ್ಳು ಚುಚ್ಚಿದರೆ ತೋಳಿನ ತನಕ ಉರಿ ಏರುತ್ತದೆ. ದಪ್ಪ ಬಟ್ಟೆಯಿಂದ ಹಿಡಿಯಿರಿ. ಚುಚ್ಚಿಯೇಬಿಟ್ಟರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ತಾಸು ಕೈ ಅದ್ದಿಡಿ, ನೋವು ಇಳಿಯುತ್ತದೆ. ಬಿಸಿ ಎಷ್ಟಿದೆ ಅಂತ ಬೇರೆಯವರು ಮುಟ್ಟಿ ನೋಡಲಿ, ಉರಿಯಲ್ಲಿ ಇರುವವರಿಗೆ ಚರ್ಮ ಸುಡುವುದು ತಿಳಿಯುವುದಿಲ್ಲ. ಮುಳ್ಳು ಒಳಗೇ ಮುರಿದಿದ್ದರೆ, ಬಾವು ಬಂದರೆ ಡಾಕ್ಟರ ಹತ್ತಿರ ಹೋಗಿ. ಗಾಳ ಬೆರಳಿಗೆ ಹೊಕ್ಕರೂ ಅಷ್ಟೇ, ಜಗ್ಗಬೇಡಿ.

ಹಿಡಿದ ಮೀನನ್ನು ಗೋಣಿಚೀಲದಲ್ಲಿ ಹಾಕಿ ಬೆಳಗಿನ ತನಕ ಇಟ್ಟರೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಒಡೆದಿರುತ್ತದೆ. ಮೊದಲು ಕೆಡುವುದು ಕಿವಿರು ಮತ್ತು ಕರುಳು. ಹಿಡಿದ ತಾಸಿನೊಳಗೆ ಅವೆರಡನ್ನೂ ತೆಗೆದು, ರಕ್ತ ತೊಳೆದು, ಥರ್ಮಾಕೋಲ್ ಡಬ್ಬಿಯಲ್ಲಿ ಒಂದು ಪದರ ಐಸು, ಒಂದು ಪದರ ಮೀನು ಹಾಗೆ ಜೋಡಿಸಿ. ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸು ಬೇಕು. ಕರಗಿದ ನೀರು ಹೊರಗೆ ಹೋಗಲು ಡಬ್ಬಿಯ ತಳದಲ್ಲಿ ಸಣ್ಣ ತೂತು ಇರಲಿ, ಆ ನೀರಿನಲ್ಲಿ ನೆನೆದ ಮೀನು ಮೆತ್ತಗಾಗುತ್ತದೆ. ಕರುಳನ್ನು ಹೊಳೆಗೆ ಎಸೆಯದೆ, ದಂಡೆಯಿಂದ ದೂರ ಗುಂಡಿ ತೋಡಿ ಹೂಳಿ.

ಮನೆಗೆ ಬಂದ ಮೇಲೆ ಮೀಸೆ ಮೀನಿನ ಲೋಳೆ ಹೋಗಲು ಒಲೆಯ ಬೂದಿ ಅಥವಾ ಜೋಳದ ಹಿಟ್ಟು ಹಚ್ಚಿ ಉಜ್ಜಿ, ಆಮೇಲೆ ಉಪ್ಪು, ಅರಿಶಿನ, ಹುಣಸೆ ರಸ ಸವರಿ ಕಾಲು ತಾಸು ಬಿಟ್ಟು ತೊಳೆಯಿರಿ. ನೀಸು ವಾಸನೆ ಉಳಿಯುವುದಿಲ್ಲ. ಹುರಿಯುವಾಗಲೂ ಕೊನೆಗೆ ಜೋಳದ ಹಿಟ್ಟಿನಲ್ಲಿ ಹೊರಳಿಸಿ ನೋಡಿ, ರವೆಗಿಂತ ಗರಿಗರಿಯಾಗಿ ಬರುತ್ತದೆ. ಮೀನು ತೊಳೆದ ಪಾತ್ರೆಗೆ ಮೊದಲು ತಣ್ಣೀರು ಹಾಕಿ, ಬಿಸಿ ನೀರು ಆಮೇಲೆ. ಡಬ್ಬಿಗೆ ಲಿಂಬೆ ಸಿಪ್ಪೆ ಉಜ್ಜಿ, ಮುಚ್ಚಳ ತೆಗೆದು ಬಿಸಿಲಿಗೆ ಇಡಿ. ಗಾಳಗಳನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಮಕ್ಕಳ ಕೈಗೆ ಸಿಗದಂತೆ ಮೇಲಿಡಿ. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಡದೆ ತಂದಿರುತ್ತೀರಲ್ವಾ, ಅದನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿ ಕಸಕ್ಕೆ ಹಾಕಿ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳದಿರಲಿ.