ಎಪ್ಪತ್ತರ ಆಯಿ, ಐದರ ಮಗಳು, ವಿಭೂತಿ ಜಲಪಾತ: ನನ್ನ ಅನುಭವ

ಅಂತೂ ಮೂರನೇ ಪ್ರಯತ್ನಕ್ಕೆ ಆಯಿತು. ಮೊಣಕಾಲು ನೋವಿನ ಆಯಿ (ನನ್ನ ಅಮ್ಮ), ಹತ್ತು ಹೆಜ್ಜೆಗೊಮ್ಮೆ 'ಎತ್ಕೋ' ಅನ್ನುವ ಐದು ವರ್ಷದ ಮಗಳು, ಮೊಬೈಲ್ ಬಿಡದ ಮಗ, ಎಲ್ಲರೂ ಉತ್ತರ ಕನ್ನಡದ ಯಾಣದ ಹತ್ತಿರ ಇರುವ ವಿಭೂತಿ ಜಲಪಾತಕ್ಕೆ ನಡೆದು ಹೋಗಿ ನಡೆದೇ ವಾಪಸ್ ಬಂದೆವು. 'ಆಯಿನ ಹೊತ್ಕೊಂಡೇ ಬರಬೇಕಾಗ್ತು ನೋಡು' ಅಂದಿದ್ದ ಭಾವನಿಗೆ ಅಲ್ಲಿಂದಲೇ ಫೋಟೋ ಕಳಿಸೋಣ ಅಂದರೆ ಸಿಗ್ನಲ್ ಇಲ್ಲ!

ಮೊದಲು ಸೋತದ್ದು ಉಂಚಳ್ಳಿಯಲ್ಲಿ, ಜುಲೈನಲ್ಲಿ. ಅಘನಾಶಿನಿ 116 ಮೀಟರ್ ಧುಮುಕುವ ಜಾಗ. ಅದಕ್ಕೆ ಕೆಪ್ಪ ಜೋಗ ಅಂತ ಯಾಕೆ ಹೆಸರು ಬಂತು ಅಂತ ಆವತ್ತು ಅರ್ಥವಾಯಿತು. ಬರೀ ಸದ್ದು. ಮಂಜು ಮುಚ್ಚಿಕೊಂಡು ಒಂದು ಎಳೆ ನೀರೂ ಕಾಣಲಿಲ್ಲ. ಮೆಟ್ಟಿಲು ಹತ್ತುವಾಗ ಆಯಿಯ ಮೊಣಕಾಲು ಕೈಕೊಟ್ಟಿತು. ಬಾಡಿಗೆ ಕಾರು, ಊಟ ಎಲ್ಲಾ ಸೇರಿ ಆರು ಸಾವಿರದ ಹತ್ತಿರ ಹೋಯಿತು.

ಎರಡನೇ ಸಲ ವಿಭೂತಿಗೇ, ಡಿಸೆಂಬರ್ ರಜೆಯಲ್ಲಿ. ತಪ್ಪು ನನ್ನದೇ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟು, ಶಿರಸಿಯಲ್ಲಿ ತಿಂಡಿ ತಿಂದು, ದಾರಿಯಲ್ಲೇ ಇದೆಯಲ್ಲ ಅಂತ ಮೊದಲು ಯಾಣ ಹತ್ತಿಸಿದೆ. 'ಸೊಕ್ಕಿದ್ದವ ಯಾಣಕ್ಕೆ' ಅಂತ ಗಾದೆಯೇ ಇದೆಯಲ್ವಾ, ನನ್ನ ಸೊಕ್ಕು ಅಲ್ಲೇ ಇಳಿಯಿತು. ಜಲಪಾತದ ಗೇಟಿಗೆ ಬರುವಾಗ ಮಧ್ಯಾಹ್ನ ಎರಡು. ಮಗಳು ಅರ್ಧ ದಾರಿಯಲ್ಲಿ ಕೂತಳು, ಆಯಿಯೂ ಕೂತರು. ಅಷ್ಟೇ.

ಈ ಸಲ ನವೆಂಬರ್ ಮೊದಲ ವಾರ, ಮಂಗಳವಾರ. ಮಗನಿಗೆ ಶಾಲೆ ಒಂದು ದಿನ ತಪ್ಪಿಸಿದೆ, ಹೆಂಡತಿ ಬೈದಳು. ಹಿಂದಿನ ರಾತ್ರಿ ಶಿರಸಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು, ಹಾಗಾಗಿ ರೂಮಿನ ಖರ್ಚಿಲ್ಲ. ಅಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸು. ಕೊನೆಯ ಘಟ್ಟದಲ್ಲಿ ತಿರುವು ಜಾಸ್ತಿ, ಅದಕ್ಕೇ ಮಗಳಿಗೆ ಬರೀ ಒಂದು ಬಾಳೆಹಣ್ಣು. ಗೇಟ್ ತೆಗೆಯುವ ಹೊತ್ತಿಗೆ ನಮ್ಮದೇ ಮೊದಲ ಕಾರು.

ನಡಿಗೆ ಒಂದು ಕಿಲೋಮೀಟರ್ ಇರಬಹುದು. ಗಟ್ಟಿ ಕಾಲಿನವರಿಗೆ ಹದಿನೈದು ನಿಮಿಷ, ನಮಗೆ ಐವತ್ತು. ಆಯಿಯನ್ನು ಮುಂದೆ ಬಿಟ್ಟೆ. ಅವರನ್ನು ದಾಟಿ ಯಾರೂ ಹೋಗುವಂತಿಲ್ಲ ಅಂತ ಕಟ್ಟುನಿಟ್ಟು. ಹಿಂದೆ ಬಿಟ್ಟರೆ ಅವರು ಓಡಿ ಬಂದು ಸೇರಲು ನೋಡುತ್ತಾರೆ, ಆಮೇಲೆ ಮೊಣಕಾಲು ಊದುತ್ತದೆ. ನಾಲ್ಕು ಕಡೆ ನಿಂತೆವು. ಪ್ರತಿ ಕಡೆ ಒಂದೊಂದು ಸ್ಟೀಲ್ ಡಬ್ಬಿ ತೆಗೆಯುವುದು: ಬಾಳೆಕಾಯಿ ಚಿಪ್ಸ್, ತೊಡದೇವು, ಮುರುಗಲು ಪಾನಕ. ಡಬ್ಬಿಗಳ ಚೀಲ ಮಗಳ ಬೆನ್ನಿಗೆ. ಮುಂದಿನ ಡಬ್ಬಿಯಲ್ಲಿ ಏನಿದೆ ಅಂತ ಅವಳಿಗೂ ಹೇಳಿರಲಿಲ್ಲ. 'ಎತ್ಕೋ' ಒಂದೇ ಸಲ ಬಂತು. ನಾಲ್ಕನೇ ಡಬ್ಬಿಯಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕು.

ಇನ್ನು ಉಂಬಳ, ಅಂದರೆ ಕಾಡಿನ ಜಿಗಣೆ. ನವೆಂಬರಿನಲ್ಲಿ ಕಮ್ಮಿ ಅಂದರೂ ನೆರಳಿನ ಹಸಿ ಎಲೆಯಲ್ಲಿ ಇದ್ದೇ ಇರುತ್ತವೆ. ಇಲ್ಲೊಂದು ಪ್ರಯೋಗ ಮಾಡಿದೆ. ನನ್ನ ಎಡಗಾಲಿನ ಸಾಕ್ಸಿಗೆ ತಂಬಾಕು ನೆನೆಸಿದ ನೀರು, ಬಲಗಾಲಿಗೆ ಸುಣ್ಣ ಕಲಸಿದ ಕೊಬ್ಬರಿ ಎಣ್ಣೆ. ಎಡಗಾಲಿಗೆ ಒಂದೂ ಹತ್ತಲಿಲ್ಲ, ಆದರೆ ವಾಸನೆಗೆ ಹೆಂಡತಿ ನಾಲ್ಕು ಮಾರು ದೂರ. ಬಲಗಾಲಿಗೆ ಎರಡು ಹತ್ತಿದವು. ಒಂದು ಬೂಟಿನ ಅಂಚಿನಲ್ಲಿ ಬಾಲ ಊರಿ ಎದ್ದು ನಿಂತು, ದಾರದಷ್ಟು ಸಪೂರವಾಗಿ ಅತ್ತಿತ್ತ ತೂಗಿ ಜಾಗ ಹುಡುಕುತ್ತಿತ್ತು. ಮಗ ಮೊಬೈಲ್ ಇಳಿಸಿ ನೋಡಿದ್ದು ಅದನ್ನೇ! ಉಪ್ಪಿನ ಗಂಟು ಮುಟ್ಟಿಸಿದ, ಉಂಡೆಯಾಗಿ ಉದುರಿತು. ಆಯಿಯ ಮತ್ತು ಮಕ್ಕಳ ಕಾಲಿಗೆ ಹಚ್ಚಿದ್ದು ಬೇರೆ ಎಣ್ಣೆ. ಸುಣ್ಣದ ಜೊತೆ ಇನ್ನೊಂದು ಸಾಮಾನು ಬೀಳುತ್ತದೆ. ಅದು ಚಿಕ್ಕಮ್ಮನ ಗುಟ್ಟು, ನನ್ನದಲ್ಲ.

ಯಾಣದ ಹಾಗೆ ಇಲ್ಲೂ ಸುಣ್ಣಕಲ್ಲಿನ ನೆಲ, ವಿಭೂತಿ ಅನ್ನುವ ಹೆಸರು ಅದರಿಂದಲೇ ಬಂದದ್ದು ಅನ್ನುತ್ತಾರೆ. ಬಂಡೆ ಮೇಲಿಂದ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆಯಿ ಸೀರೆ ಎತ್ತಿ ಕಟ್ಟಿ ಅಂಚಿನ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರು. ಒಂದು ಗಂಟೆ ಏಳಲೇ ಇಲ್ಲ. ಮಕ್ಕಳನ್ನು ಮಂಡಿ ಮಟ್ಟದ ನೀರಿಗಿಂತ ಆಚೆ ಬಿಡಲಿಲ್ಲ, ಒಳಗೆ ಆಳ ಇದೆ, ಕಲ್ಲು ಜಾರುತ್ತದೆ. ಜನ ಬರಲು ಶುರುವಾದ ಮೇಲೆ ಹೊರಟೆವು.

ಈ ಸಲದ ಖರ್ಚು ಪೆಟ್ರೋಲ್, ಟಿಕೆಟ್, ಪಾರ್ಕಿಂಗ್, ಊಟ ಎಲ್ಲಾ ಸೇರಿ ಮೂರು ಸಾವಿರ ದಾಟಲಿಲ್ಲ. ಮೊದಲೇ ದಂಡ ಮಾಡಿದ್ದು ಬೇರೆ ಲೆಕ್ಕ. ಮಗಳಿಗೆ ಒಂಬೈನೂರು ಕೊಟ್ಟು ತಂದ ಬೂಟು ಒದ್ದೆಯಾಗಿ ಕಲ್ಲಿನಷ್ಟು ಭಾರವಾಗಿತ್ತು. ಈಗ ಸಂತೆಯ ನೂರೈವತ್ತರ ಪ್ಲಾಸ್ಟಿಕ್ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು, ಸಾಕಾಯಿತು. ಆಯಿಗೆಂದು ಆನ್‌ಲೈನಿನಲ್ಲಿ ತರಿಸಿದ ಟ್ರೆಕ್ಕಿಂಗ್ ಕೋಲು ಸಾವಿರದ ಇನ್ನೂರು. ಅವರು ಅದನ್ನು ಮುಟ್ಟಲೂ ಇಲ್ಲ, ಚಿಕ್ಕಮ್ಮನ ಮನೆಯ ಅಡಿಕೆ ಮರ ಸೀಳಿದ ದಬ್ಬೆಯನ್ನೇ ಊರಿಕೊಂಡು ನಡೆದರು. ಕೋಲು ಡಿಕ್ಕಿಯಲ್ಲೇ ಇದೆ, ಕವರ್ ಕೂಡ ಬಿಚ್ಚಿಲ್ಲ. ಯಾರಿಗಾದರೂ ಬೇಕಾದರೆ ಅರ್ಧ ರೇಟಿಗೆ ಕೊಡುತ್ತೇನೆ.